ಅಮೃತಶಿಲೆಯ ಸಂತ, ಕಣಶಿಲೆಯ ವೀರ



1252ರ ಏಪ್ರಿಲ್ 6ರಂದು ಇಟಲಿಯಲ್ಲಿ ಒಬ್ಬ ಸನ್ಯಾಸಿಯ ಕೊಲೆಯಾಯಿತು. ವೆರೋನಾ ಊರಿನ ಪೀಟರ್ ಅವನ ಹೆಸರು. ಡೊಮಿನಿಕನ್ ಪಂಥಕ್ಕೆ ಸೇರಿದವನು. ಕೊಮೊ ಎಂಬ ಊರಿನಿಂದ ಮಿಲಾನಿಗೆ ಕಾಡುದಾರಿಯಲ್ಲಿ ನಡೆದು ಬರುತ್ತಿದ್ದಾಗ, ಹಣ ಪಡೆದು ಹೊಂಚುಹಾಕಿದ್ದ ಕಾರಿನೊ ಎಂಬಾತ ಅವನ ತಲೆಗೆ ಮಚ್ಚಿನಿಂದ ಹೊಡೆದ. ಒಂದು ವರ್ಷ ತುಂಬುವುದರೊಳಗೆ, 1253ರ ಮಾರ್ಚ್‌ನಲ್ಲಿ, ನಾಲ್ಕನೆಯ ಇನ್ನೊಸೆಂಟ್ ಪೋಪರು ಸತ್ತವನನ್ನು ಸಂತನೆಂದು ಘೋಷಿಸಿದರು. ಮಿಲಾನಿನ ಸಂತ ಯೂಸ್ತೋರ್ಜಿಯೊ ಚರ್ಚಿನಲ್ಲಿ ಅವನ ಎಲುಬುಗಳಿಗಾಗಿ ಪೀಸಾ ಊರಿನ ಶಿಲ್ಪಿ ಜೊವಾನಿ ದಿ ಬಾಲ್ದೂಚೊ ಒಂದು ಅಮೃತಶಿಲೆಯ ಸಮಾಧಿಯನ್ನು ಕೆತ್ತಿದ. ಕೆಲಸ ಮುಗಿದಾಗ ತನ್ನ ಹೆಸರನ್ನೂ 1339 ಎಂಬ ಇಸವಿಯನ್ನೂ ಅದರ ಮೇಲೆ ಕೊರೆದ.

ಆ ಸಮಾಧಿ ನೆಲದ ಮೇಲೆ ಕೂತಿಲ್ಲ. ಎಂಟು ಕಂಬಗಳು, ಪ್ರತಿ ಕಂಬಕ್ಕೂ ಒರಗಿ ನಿಂತ ಒಬ್ಬೊಬ್ಬ ಹೆಣ್ಣು. ಶ್ರದ್ಧೆ, ಭರವಸೆ, ಪ್ರೀತಿ, ವಿವೇಕ, ನ್ಯಾಯ, ಸಂಯಮ, ಧೈರ್ಯ, ವಿಧೇಯತೆ ಎಂಬ ಎಂಟು ಗುಣಗಳಿಗೆ ಶಿಲ್ಪಿ ಕೊಟ್ಟ ಮುಖಗಳವು. ಅವರ ತಲೆಯ ಮೇಲೆ ಕಲ್ಲಿನ ಪೆಟ್ಟಿಗೆ, ಪೆಟ್ಟಿಗೆಯ ನಾಲ್ಕೂ ಮಗ್ಗುಲಿಗೆ ಸಂತನ ಕಥೆಯ ಫಲಕಗಳು. ಮೂಗನಿಗೆ ಮಾತು ಬರಿಸಿದ್ದು, ಬಿಸಿಲಲ್ಲಿ ಬೇಯುತ್ತಿದ್ದ ಜನಕ್ಕೆ ಮೋಡ ಕವಿಸಿದ್ದು, ಬಿರುಗಾಳಿಗೆ ಸಿಕ್ಕ ಹಡಗನ್ನು ಕಾಪಾಡಿದ್ದು, ಶವಯಾತ್ರೆ, ಸಂತಪದವಿ, ಎಲುಬುಗಳನ್ನು ಹೊಸ ಸಮಾಧಿಗೆ ತಂದದ್ದು. ಇಷ್ಟರ ನಡುವೆ ಹತ್ಯೆಗೆ ಸಿಕ್ಕಿರುವುದು ಒಂದೇ ಫಲಕ.

ಮಧುಗಿರಿಯ ಬಂಡೆಯ ಬುಡದಲ್ಲಿ ಕೂತು ಮಿಲಾನಿನ ಮಾತನ್ನು ಎತ್ತಿದ್ದಕ್ಕೆ ಕಾರಣವಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕೆರೆ ಏರಿಯ ಕೊನೆಯಲ್ಲಿ, ಹಾಳೂರಿನ ಬಾಗಿಲಲ್ಲಿ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳೂ ಹೀಗೆಯೇ ಒಬ್ಬ ಮನುಷ್ಯನ ಸಾವನ್ನು ಫಲಕ ಫಲಕವಾಗಿ ಹೇಳುತ್ತವೆ. ಆ ಕಲ್ಲುಗಳನ್ನು ನಾವು ದಿನವೂ ದಾಟಿ ಹೋಗುತ್ತೇವೆ. ಮಿಲಾನಿನ ಸಮಾಧಿಯ ಪಕ್ಕದಲ್ಲಿ ಅವನ್ನು ಇಟ್ಟು ನೋಡಿದಾಗ, ನಮ್ಮ ಕಲ್ಲು ಏನು ಕೆಲಸಕ್ಕೆ ಹುಟ್ಟಿತು ಎಂಬುದು ನನಗೆ ಹೆಚ್ಚು ಸ್ಪಷ್ಟವಾಗಿ ಕಂಡಿತು. ಈ ಹೊತ್ತು ಹೇಳಬೇಕೆಂದು ಬಂದಿರುವುದು ಅದನ್ನೇ.

ಮೊದಲು ಕಲ್ಲನ್ನು ಹತ್ತಿರದಿಂದ ನೋಡೋಣ. ಎದೆಮಟ್ಟದ ಒಂದು ಚಪ್ಪಡಿ. ಅರ್ಧ ಅಡಿಯಷ್ಟು ಮಣ್ಣಿನಲ್ಲಿ ಹೂತುಹೋಗಿರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ವೀರ. ಒಂದು ಕೈಯಲ್ಲಿ ಬಿಲ್ಲು ಅಥವಾ ಕತ್ತಿ, ಸೊಂಟದಲ್ಲಿ ಬಾಕು, ತಲೆಯ ಹಿಂದೆ ಬಿಗಿದು ಕಟ್ಟಿದ ತುರುಬು. ಎದುರಿಗೆ ಬಾಣ ಬಿಡುತ್ತಿರುವವರು. ಕಾಲ ಬಳಿ ಒಂದೆರಡು ಹಸು. ಹಸುವಿದ್ದರೆ ತುರುಗೊಳ್ ಎಂದು, ಅಂದರೆ ದನ ಹಿಡಿಯಲು ಬಂದವರ ಜೊತೆ ನಡೆದ ಕಾದಾಟವೆಂದು ಓದಬೇಕು. ಮಧ್ಯದ ಪಟ್ಟಿಕೆಯಲ್ಲಿ ಅದೇ ವೀರ ಇಬ್ಬರು ಅಪ್ಸರೆಯರ ನಡುವೆ, ಅವರ ಹೆಗಲ ಮೇಲೆ ತೋಳಿಟ್ಟು ಮೇಲಕ್ಕೆ ಹೋಗುತ್ತಿದ್ದಾನೆ. ಕಾದುವಾಗ ಮಡಿಚಿದ್ದ ಮಂಡಿಗಳು ಇಲ್ಲಿ ಸಡಿಲವಾಗಿವೆ, ಪಾದ ನೆಲ ಬಿಟ್ಟಿದೆ. ಮೇಲಿನ ಪಟ್ಟಿಕೆಯಲ್ಲಿ ಲಿಂಗ, ಪಕ್ಕದಲ್ಲಿ ನಂದಿ, ಪೂಜೆ ಮಾಡುವ ಒಬ್ಬ ಯತಿ. ವೀರ ಕೈಮುಗಿದು ಕೂತಿದ್ದಾನೆ. ಈ ಮೂರನ್ನೂ ಕೆಳಗಿನಿಂದ ಮೇಲಕ್ಕೆ ಓದಬೇಕು. ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ.

ಇಲ್ಲಿಯೂ ಸಾವಿಗೆ ಸಿಕ್ಕಿರುವುದು ಒಂದು ಪಟ್ಟಿಕೆ, ಅದೂ ಮಣ್ಣಿಗೆ ಹತ್ತಿರದ್ದು. ಮೈಗೆ ನಾಟಿದ ಬಾಣವನ್ನು ಶಿಲ್ಪಿ ಬಿಡಿಸಿದರೂ ಮುಖದಲ್ಲಿ ನೋವಿಲ್ಲ. ಬೆಂಗಳೂರು, ಮಂಗಳೂರು ಕಡೆಯ ಚರ್ಚುಗಳಲ್ಲಿ ಸಂತ ಸೆಬಾಸ್ಟಿಯನ್ನರ ಪ್ರತಿಮೆಯನ್ನು ಕಂಡವರಿಗೆ ಇದು ಗೊತ್ತಾಗುತ್ತದೆ. ಅಲ್ಲಿ ಸಂತ ಕಟ್ಟುಬಿದ್ದ ಮೈಯಲ್ಲಿ ಬಾಣ ತಾಳಿಕೊಳ್ಳುತ್ತಾನೆ, ತಾಳಿಕೊಂಡದ್ದೇ ಅವನ ದೊಡ್ಡತನ. ನಮ್ಮ ವೀರನಿಗೆ ಬಾಣ ನಾಟಿದ್ದರೂ ಕೈಯಲ್ಲಿನ ಬಿಲ್ಲು ಇನ್ನೂ ಬಾಗಿಯೇ ಇರುತ್ತದೆ. ಸಾಯುವ ಇಬ್ಬರನ್ನೂ ಎರಡು ನಾಡಿನ ಜನ ಪೂಜಿಸಿದ್ದಾರೆ. ಪೂಜೆಗೆ ಕಾರಣ ಮಾತ್ರ ಬೇರೆ.

ಕಲ್ಲಿನ ಜಾತಿಯನ್ನೂ ಗಮನಿಸಬೇಕು. ಅಮೃತಶಿಲೆ ಸುಣ್ಣದ ಅಂಶದ ಕಲ್ಲು. ಉಳಿ ಅದರೊಳಗೆ ಆಳಕ್ಕೆ ಇಳಿಯುತ್ತದೆ, ಬಟ್ಟೆಯ ನಿರಿಗೆ, ಕಣ್ಣಿನ ರೆಪ್ಪೆ ಎಲ್ಲವೂ ಬರುತ್ತವೆ. ಮಲೆನಾಡು, ಬನವಾಸಿ ಕಡೆಯ ವೀರಗಲ್ಲುಗಳು ಸೊಗಸಾಗಿರುವುದಕ್ಕೂ ಅಲ್ಲಿನ ಮೆತ್ತನೆಯ ಬಳಪದ ಕಲ್ಲೇ ಅರ್ಧ ಕಾರಣ. ನಮ್ಮದು ಕಣಶಿಲೆಯ ನಾಡು. ಮಧುಗಿರಿಯ ಏಕಶಿಲಾ ಬೆಟ್ಟವಿರಲಿ, ಪಾವಗಡದ ದುರ್ಗವಿರಲಿ, ಚನ್ನರಾಯನದುರ್ಗವಿರಲಿ, ಸಿದ್ಧರಬೆಟ್ಟವಿರಲಿ, ಎಲ್ಲವೂ ಅದೇ ಒರಟು ಕಲ್ಲು. ಅದರಲ್ಲಿ ಕೆತ್ತನೆ ಮೇಲುಮೇಲೆಯೇ ನಿಲ್ಲುತ್ತದೆ; ಮೂಗು, ಬಾಯಿ ಹೇಳಿದಂತೆ ಕೇಳುವುದಿಲ್ಲ. ನಮ್ಮ ಕಡೆಯ ವೀರಗಲ್ಲು ಹಳೇಬೀಡಿನಂತಿಲ್ಲ ಎಂದು ಮೂಗು ಮುರಿಯುವವರು ಈ ಕಲ್ಲಿನ ಮೇಲೆ ಒಂದು ದಿನ ಉಳಿ ಹಿಡಿದು ನೋಡಬೇಕು. ಇದೇ ನಾಡಿನ ಪಕ್ಕದ ಹೇಮಾವತಿಯಲ್ಲಿ, ಅಂದರೆ ನೊಳಂಬರ ರಾಜಧಾನಿ ಹೆಂಜೇರಿನಲ್ಲಿ, ನುಣುಪು ಕರಿಕಲ್ಲು ಸಿಕ್ಕಾಗ ಎಂಥ ಕಂಬಗಳು, ಎಂಥ ಜಾಲಂಧ್ರಗಳು ಬಂದವು ಎಂಬುದನ್ನು ಅಲ್ಲಿಗೆ ಹೋದವರೆಲ್ಲ ಕಂಡಿದ್ದಾರೆ. ಕೈಯ ಕಸುಬಿಗೆ ಇಲ್ಲಿ ಕೊರತೆ ಇರಲಿಲ್ಲ.

ನೊಳಂಬರ ಹೆಸರು ಬಂದದ್ದರಿಂದ ಬೇಗೂರಿನ ವೀರಗಲ್ಲಿನ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 9ನೇ ಶತಮಾನದ ಕೊನೆಯ ಹೊತ್ತಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನೊಳಂಬ ಅಯ್ಯಪದೇವನ ಪರವಾಗಿ ಕಾದಲು ಗಂಗರ ಅರಸ ಎರೆಯಪ್ಪನು ನಾಗತ್ತರ ಎಂಬ ಅಧಿಕಾರಿಯನ್ನು ಸೇನೆಯೊಡನೆ ಕಳಿಸುತ್ತಾನೆ. ತುಂಬೆಪಾಡಿಯಲ್ಲಿ ವೀರಮಹೇಂದ್ರನ ಮೇಲೆ ಕಾದಿ ನಾಗತ್ತರ ಸಾಯುತ್ತಾನೆ. ಆನೆ, ಕುದುರೆ, ಕಾಲಾಳು, ಎಲ್ಲವೂ ಆ ಒಂದೇ ಚಪ್ಪಡಿಯ ಮೇಲೆ ಒತ್ತಿಕೊಂಡು ನುಗ್ಗುತ್ತಿವೆ. ಯುದ್ಧ ಮುಗಿದ ಮೇಲೆ ಎರೆಯಪ್ಪ ಏನು ಮಾಡಿದ ಎಂಬುದನ್ನೂ ಅದೇ ಕಲ್ಲು ಹೇಳುತ್ತದೆ: ಸತ್ತವನ ಪದವಿಯನ್ನು ಇರುಗ ಎಂಬವನಿಗೆ ಕೊಟ್ಟ, ಬೆಂಪೂರು ಹನ್ನೆರಡು ಊರುಗಳನ್ನು ಕಲ್ನಾಡಾಗಿ, ಅಂದರೆ ವೀರನ ನೆನಪಿನ ಭೂಕೊಡುಗೆಯಾಗಿ, ಬಿಟ್ಟ, ಊರುಗಳ ಹೆಸರನ್ನು ಒಂದೊಂದಾಗಿ ಬರೆಸಿದ. ಮೇಲೆ ನೋಡಿದರೆ ಶಿಲ್ಪ. ಓದಿದರೆ ಜಮೀನಿನ ಪತ್ರ.

ಮಿಲಾನಿನ ಸಮಾಧಿಯೊಳಗೆ ಎಲುಬುಗಳಿವೆ. ಭಕ್ತ ಅಲ್ಲಿಗೆ ಹೋಗುವುದು ಆ ಎಲುಬುಗಳ ಹತ್ತಿರ ನಿಲ್ಲಲು, ಪವಾಡ ಬೇಡಲು. ಫಲಕಗಳಲ್ಲಿ ಹತ್ಯೆಗಿಂತ ಪವಾಡಗಳು ಹೆಚ್ಚಿರುವುದಕ್ಕೆ ಅದೇ ಕಾರಣವೆಂದು ನನಗೆ ಅನ್ನಿಸುತ್ತದೆ. ವೀರಗಲ್ಲಿನ ಕೆಳಗೆ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಮೈ ಎಲ್ಲೋ ಸುಟ್ಟಿದೆ ಅಥವಾ ಹೂತಿದೆ. ನಿಧಿಯ ಆಸೆಯಿಂದ ಕಲ್ಲನ್ನು ಅಗೆದು ಉರುಳಿಸಿದವರಿಗೆ ಮಣ್ಣಲ್ಲದೆ ಬೇರೇನೂ ಸಿಕ್ಕುವುದಿಲ್ಲ. ಕಲ್ಲು ನೆಟ್ಟದ್ದು, ಒಬ್ಬ ಊರಿಗಾಗಿ ಸತ್ತ, ಊರು ಅವನ ಮನೆಗೆ ಇಂತಿಷ್ಟು ಮಣ್ಣು ಕೊಟ್ಟಿದೆ, ಇದನ್ನು ಮುಂದೆ ಯಾರೂ ಕಿತ್ತುಕೊಳ್ಳಬಾರದು ಎಂದು ಎಲ್ಲರೂ ಓಡಾಡುವ ಕಡೆ ಸಾರುವುದಕ್ಕೆ. ನೆತ್ತರುಗೊಡಗೆ, ಕಲ್ನಾಡು, ಬಾಳ್ಗಳ್ಚು ಎಂದು ಶಾಸನಗಳು ಈ ಕೊಡುಗೆಗಳನ್ನು ಕರೆಯುತ್ತವೆ. ಬದುಕಿದ್ದವರು ಸತ್ತವನಿಗೆ ಬರೆದುಕೊಟ್ಟ ಋಣಪತ್ರ ಅದು. ಅದಕ್ಕೇ ನೆತ್ತಿಯಲ್ಲಿ ಸೂರ್ಯ ಚಂದ್ರರು ಸಾಕ್ಷಿ ನಿಂತಿದ್ದಾರೆ.

ಈ ಋಣ ಎಷ್ಟು ದೂರ ಹೋಗುತ್ತಿತ್ತು ಎಂಬುದಕ್ಕೆ ಮಂಡ್ಯ ಸೀಮೆಯ ಆತಕೂರಿನ ಕಲ್ಲಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. 949ರ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರ ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿ, ನಾಯಿ ಎರಡೂ ಸತ್ತವು. ನಾಯಿಯ ಹೆಸರಿನಲ್ಲಿ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಟ್ಟರು, ಹಿರಿಕೆರೆಯ ಕೆಳಗೆ ಎರಡು ಖಂಡುಗದ ಮಣ್ಣನ್ನು ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂದೂ ಬರೆಸಿದರು. ಸಾವಿಗೆ ಕಲ್ಲು, ಕಲ್ಲಿಗೆ ಮಣ್ಣು, ಮಣ್ಣು ಉಣ್ಣುವವನ ಮೇಲೆ ಹೊಣೆ. ಸಾವಿರ ವರ್ಷ ದಾಟಿದ ಮೇಲೂ ಕಾಳಿಯ ಹೆಸರು ಉಳಿದಿದೆ. ಹೆಸರಿಟ್ಟು ಬರೆದ ಕಲ್ಲಿನ ಶಕ್ತಿಯೇ ಅಂಥದ್ದು.

ಹುತಾತ್ಮ ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಇನ್ನೊಂದು ಬಗೆಯವರೂ ಇದ್ದಾರೆ. ಯಾರೂ ಕೊಲ್ಲದೆ, ತಾವೇ ಅನ್ನ ನೀರು ಬಿಟ್ಟು ದೇಹ ಕಳಚಿದ ಜೈನ ಯತಿಗಳು, ಗೃಹಸ್ಥರು. ಅವರ ಕಲ್ಲಿಗೆ ನಿಷಿಧಿ ಎನ್ನುತ್ತೇವೆ. ಇಲ್ಲಿ ಕತ್ತಿಯಿಲ್ಲ, ಕುದುರೆಯಿಲ್ಲ. ಗ್ರಂಥವಿಟ್ಟ ಪೀಠ, ಅದರ ಒಂದು ಕಡೆ ಗುರು, ಇನ್ನೊಂದು ಕಡೆ ಕೈಮುಗಿದು ಕೂತ ಸಾಯುವವನು, ಮೇಲೆ ಜಿನ. ಪಾವಗಡ ತಾಲ್ಲೂಕಿನ ನಿಡುಗಲ್ಲು ಈ ಧರ್ಮದ ಗಟ್ಟಿ ನೆಲೆ. ಇರುಂಗೋಳ ಚೋಳರ ಆಳ್ವಿಕೆಯಲ್ಲಿ, 1232ರಲ್ಲಿ, ಗಂಗೇಯನ ಮಾರೆಯ ಎಂಬಾತ ಆ ಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಮಿಲಾನಿನ ದಾರಿಯಲ್ಲಿ ಪೀಟರನ ಕೊಲೆಯಾಗುವುದಕ್ಕೆ ಇಪ್ಪತ್ತು ವರ್ಷ ಮೊದಲಿನ ಮಾತು ಅದು. ಗಡಿಯಾಚೆ, ಈಗ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಅಮರಾಪುರದಲ್ಲಿ ಕನ್ನಡ ನಿಷಿಧಿ ಶಾಸನಗಳಿವೆ. ಅದೇ ಸೀಮೆಯ ಪಾತಶಿವರದಲ್ಲಿ, ಕುಂದಕುಂದಾಚಾರ್ಯರ ನಿಯಮಸಾರಕ್ಕೆ ತಾತ್ಪರ್ಯವೃತ್ತಿ ಬರೆದ ಪದ್ಮಪ್ರಭ ಮಲಧಾರಿದೇವರು 1185ರಲ್ಲಿ ದೇಹಬಿಟ್ಟ ಸಂಗತಿಯನ್ನು ದಾಖಲಿಸಿದ ಶಾಸನವಿದೆ. ರಾಜ್ಯಗಳ ಗೆರೆ ಎಳೆದದ್ದು ಮೊನ್ನೆ ಮೊನ್ನೆ. ಶಿರಾ, ಪಾವಗಡದವರು ಆ ಊರುಗಳನ್ನು ಪರರಾಜ್ಯವೆಂದು ಬಿಟ್ಟುಬಿಟ್ಟರೆ ತಮ್ಮ ಚರಿತ್ರೆಯ ಅರ್ಧ ಪುಟವನ್ನು ತಾವೇ ಹರಿದುಕೊಂಡಂತೆ.

ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ತೀರಿಕೊಂಡದ್ದು ನಮ್ಮ ತುಮಕೂರಿನ ನೆರೆಯ ಶಿವಗಂಗೆಯಲ್ಲಿ. ಮಗಳ ಸಾವನ್ನು ತಾಳಲಾರದೆ ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳದಲ್ಲಿ ಒಂದು ತಿಂಗಳು ಉಪವಾಸವಿದ್ದು ಪ್ರಾಣಬಿಟ್ಟಳೆಂದು ಅಲ್ಲಿನ ಶಾಸನ ಹೇಳುತ್ತದೆ. ಷ. ಶೆಟ್ಟರ್ ಅವರು ಸಾವಿನ ಈ ಬಗೆಗಳ ಮೇಲೆಯೇ ಎರಡು ಗ್ರಂಥಗಳನ್ನು ಬರೆದರು. ವೀರಗಲ್ಲಿನ ಮೇಲೆ ಆರ್. ಶೇಷಶಾಸ್ತ್ರಿಗಳ ಸಂಶೋಧನೆ ಇದೆ, ಚಿದಾನಂದಮೂರ್ತಿಗಳ ಶಾಸನಾಧ್ಯಯನವಿದೆ. ವಿದ್ಯಾರ್ಥಿಗಳು ಇವನ್ನು ತಪ್ಪದೆ ಓದಬೇಕು.

ಗಂಡನ ಚಿತೆಯೇರಿದ ಹೆಣ್ಣಿನ ನೆನಪಿಗೆ ನೆಟ್ಟ ಮಾಸ್ತಿಕಲ್ಲುಗಳ ಮಾತು ಬಂದಾಗ ನನ್ನ ಮನಸ್ಸು ಬೇರೆಯಾಗುತ್ತದೆ. ಕಂಬದಂಥ ಒಂದು ಗೂಟದಿಂದ ಹೊರಟ ತೋಳು, ಮಡಿಚಿದ ಮೊಣಕೈ, ಮೇಲೆತ್ತಿದ ಹಸ್ತ, ಮಣಿಕಟ್ಟಿನ ತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಕೆಲವು ಕಲ್ಲುಗಳಲ್ಲಿ ಆ ತೋಳು ಬಿಟ್ಟರೆ ಹೆಣ್ಣಿನ ಮುಖವೇ ಇಲ್ಲ. ನಮ್ಮ ತಾಲ್ಲೂಕಿನ ಮಿಡಿಗೇಶಿ ದುರ್ಗಕ್ಕೇ ಅಲ್ಲಿ ಚಿತೆಯೇರಿದ ಅರಸಿಯೊಬ್ಬಳ ಹೆಸರು ಬಂದಿದೆ ಎಂಬುದು ಹಳೆಯ ಐತಿಹ್ಯ. ಊರಿನವರು ಮಾಸ್ತಿಯಮ್ಮನೆಂದು ಅರಿಶಿನ ಕುಂಕುಮ ಹಚ್ಚುತ್ತಾರೆ; ಆ ಭಕ್ತಿಯನ್ನು ನಾನು ಹೀಗಳೆಯುವುದಿಲ್ಲ. ಆದರೆ ದನ ಕಾಯಲು ಹೋದವನು ಬಿಲ್ಲು ಹಿಡಿದು ತಾನೇ ಹೋದ. ಬೆಂಕಿಗೆ ಹೋದವಳ ಮಾತನ್ನು ಯಾವ ಶಾಸನಕಾರನೂ ಅವಳ ಬಾಯಿಂದ ಕೇಳಿ ಬರೆಯಲಿಲ್ಲ. ಈ ಎರಡು ಕಲ್ಲುಗಳನ್ನು ಒಂದೇ ಉಸಿರಿನಲ್ಲಿ ತ್ಯಾಗ ಎಂದು ಹೊಗಳುವ ಭಾಷಣಗಳನ್ನು ನಾನು ಒಪ್ಪಲಾರೆ.

ಮಿಲಾನಿನ ಕಲ್ಲಿಗೂ ಇಂಥದೊಂದು ಪ್ರಶ್ನೆ ಕೇಳಬೇಕು. ಪೀಟರ್ ಬರಿಯ ಪ್ರಚಾರಕನಾಗಿರಲಿಲ್ಲ. ಪಾಷಂಡಿಗಳನ್ನು ಹುಡುಕಿ ವಿಚಾರಣೆ ಮಾಡಲು ಪೋಪರು ನೇಮಿಸಿದ ಅಧಿಕಾರಿಯಾಗಿದ್ದ. ಅವನನ್ನು ಕೊಲ್ಲಿಸಿದವರು ಕ್ಯಾಥರ್ ಪಂಥದವರು. ಆ ಪಂಥದ ಎಷ್ಟೋ ಜನರನ್ನು ಯೂರೋಪಿನಲ್ಲಿ ಜೀವಂತ ಸುಟ್ಟರು. ಅವರಿಗೆ ಅಮೃತಶಿಲೆ ಸಿಗಲಿಲ್ಲ. ಆ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವವನು ಕಾರಿನೊ. ಮಚ್ಚು ಬೀಸಿದ ಆತ ಓಡಿಹೋಗಿ ಫೋರ್ಲಿ ಎಂಬ ಊರು ಸೇರಿದ, ಪಶ್ಚಾತ್ತಾಪಪಟ್ಟು, ತಾನು ಕೊಂದವನ ಪಂಥದ ಮಠದಲ್ಲಿಯೇ ಸೇವಕನಾಗಿ ಬದುಕು ಕಳೆದ. ಅವನು ಸತ್ತ ಮೇಲೆ ಜನ ಅವನನ್ನೂ ಪೂಜ್ಯನೆಂದು ನೆನೆದರು. ನಮ್ಮ ವೀರಗಲ್ಲುಗಳಲ್ಲಿ ಎದುರಾಳಿಯ ಕಡೆ ಕಣ್ಣಿಟ್ಟು ನೋಡಿ: ಅವನನ್ನು ರಾಕ್ಷಸನಂತೆ ಕೆತ್ತಿರುವುದಿಲ್ಲ. ಅವನದೂ ಅದೇ ತುರುಬು, ಅದೇ ಬಿಲ್ಲು. ಪಕ್ಕದ ಊರಿನವನೇ ಇರಬೇಕು. ಬರ ಬಿದ್ದ ವರ್ಷ ದನ ಹಿಡಿಯಲು ಬಂದವನ ಮನೆಯಲ್ಲೂ ಮಕ್ಕಳಿದ್ದವು ಎಂಬುದು ಆ ಶಿಲ್ಪಿಗೆ ತಿಳಿದಿತ್ತೆಂದು ನಂಬಲು ನನಗೆ ಇಷ್ಟ.

ಶಿರಾದಲ್ಲಿ ಸಾವನ್ನು ನೆನೆಯುವ ರೀತಿಯೇ ಬೇರೆ. ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಈ ಸೀಮೆಯನ್ನು ಆಳಿದ ಮಲಿಕ್ ರೆಹಾನರ ಸಮಾಧಿ 1651ರದು. ಅಲ್ಲಿ ಮನುಷ್ಯರೂಪವಿಲ್ಲ, ಸತ್ತ ಬಗೆಯ ಕಥೆಯಿಲ್ಲ. ಗುಮ್ಮಟ ಒಂದೇ ಗೌರವವನ್ನೆಲ್ಲ ಹೊತ್ತಿದೆ. 1696ರ ಜುಮ್ಮಾ ಮಸೀದಿಯೂ ಈ ಸಮಾಧಿಯೂ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿವೆ. ಇನ್ನು ಅದೇ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಕಾಡುಗೊಲ್ಲರ ಜುಂಜಪ್ಪ ಇದ್ದಾನೆ. ದನಗಳ ಹಿಂದೆ ಬದುಕಿದ ಆ ವೀರನ ಕಥೆಯನ್ನು ಉದ್ದನೆಯ ಬಿದಿರಿನ ಗಣೆ ಊದಿ ರಾತ್ರಿಯಿಡೀ ಹಾಡುತ್ತಾರೆ. ವೀರಗಲ್ಲಿನ ಕೆಳಪಟ್ಟಿಕೆಯ ಮೂಕ ಹಸುಗಳಿಗೆ ಜೀವ ಬರಬೇಕಾದರೆ ಆ ಹಾಡನ್ನು ಕೇಳಬೇಕು. ಈ ಒಣಸೀಮೆಯಲ್ಲಿ ಹೊಲ ಕೈಕೊಟ್ಟಾಗ ಉಳಿಯುತ್ತಿದ್ದ ಆಸ್ತಿ ದನವೊಂದೇ. ಅದಕ್ಕಾಗಿ ಒಬ್ಬ ಯಾಕೆ ಸಾಯುತ್ತಿದ್ದ ಎಂಬುದನ್ನು ಗೊಲ್ಲರ ಹಟ್ಟಿಯ ಹಿರಿಯರಿಗೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಕೆಲಸದ ಮಾತು. ಬಿ. ಎಲ್. ರೈಸ್ ಅವರು 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟವಾಗಿ ಅಚ್ಚುಹಾಕಿಸಿದರು. ನಮ್ಮ ತಾಲ್ಲೂಕುಗಳ ಚರಿತ್ರೆಗೆ ಇಂದಿಗೂ ಅದೇ ಅಡಿಗಲ್ಲು. ಆದರೆ ಅದು ಅಕ್ಷರವಿರುವ ಕಲ್ಲುಗಳ ಪುಸ್ತಕ. ಅಕ್ಷರವಿಲ್ಲದೆ ಬರಿಯ ಶಿಲ್ಪವಿರುವ ವೀರಗಲ್ಲು, ಮಾಸ್ತಿಕಲ್ಲುಗಳು ಅದರಲ್ಲಿ ಸೇರಲಿಲ್ಲ. ಬರೆಸಲು ಶಕ್ತಿಯಿಲ್ಲದ ಬಡ ಊರು ತನ್ನವನಿಗೆ ನೆಟ್ಟ ಕಲ್ಲುಗಳು ಅವು. ರಸ್ತೆ ಅಗಲವಾಗುವಾಗ, ಬಡಾವಣೆ ಏಳುವಾಗ, ಗುಡಿಯ ಜೀರ್ಣೋದ್ಧಾರ ನಡೆಯುವಾಗ ಮೊದಲು ಹೋಗುವುದು ಅವೇ. ಪಟ್ಟಿಯಲ್ಲಿ ಇಲ್ಲದ್ದು ಹೋದರೆ ಕೇಳುವವರಿಲ್ಲ. ಪಾವಗಡದ ತಿರುಮಣಿ ಸುತ್ತ 13,000 ಎಕರೆ ಬಯಲಿನಲ್ಲಿ ಸೌರ ವಿದ್ಯುತ್ ಉದ್ಯಾನ ಎದ್ದಿತು. ನಾಡಿಗೆ ಬೆಳಕು ಬೇಕು, ರೈತನಿಗೆ ಗುತ್ತಿಗೆ ಹಣ ಬೇಕು. ಅಷ್ಟು ದೊಡ್ಡ ನೆಲದ ಮೇಲೆ ಯಂತ್ರ ಓಡುವ ಮೊದಲು ಅಲ್ಲಿನ ಕಲ್ಲುಗಳ ಪಟ್ಟಿ ಕೈಯಲ್ಲಿರಬೇಕು ಎಂಬುದಷ್ಟೇ ನನ್ನ ಬೇಡಿಕೆ.

ಪಟ್ಟಿ ಮಾಡುವುದು ಇಲ್ಲಿ ಕೂತಿರುವ ಪ್ರೌಢಶಾಲೆ, ಕಾಲೇಜಿನ ಮಕ್ಕಳ ಕೈಯಲ್ಲಾಗುವ ಕೆಲಸ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋಗಿ. ನಡುಹಗಲಿನಲ್ಲಿ ಒರಟು ಕಲ್ಲಿನ ಕೆತ್ತನೆ ಕಣ್ಣಿಗೆ ಬೀಳುವುದಿಲ್ಲ. ಎದುರಿನಿಂದ ಒಂದು, ಎರಡೂ ಮಗ್ಗುಲಿನಿಂದ ಒಂದೊಂದು, ಹಿಂದಿನಿಂದ ಒಂದು ಚಿತ್ರ ತೆಗೆಯಿರಿ. ಎತ್ತರ, ಅಗಲ ಅಳೆಯಿರಿ. ಊರು, ಸರ್ವೆ ನಂಬರು, ಕೆರೆಯಿಂದ ಎಷ್ಟು ದೂರ, ಮುಖ ಯಾವ ದಿಕ್ಕಿಗೆ ಎಂದು ಬರೆದುಕೊಳ್ಳಿ. ಊರಿನವರು ಅದನ್ನು ಏನೆಂದು ಕರೆಯುತ್ತಾರೆ, ಯಾವ ಮನೆಯವರು ಪೂಜೆ ಮಾಡುತ್ತಾರೆ, ಯಾವ ದಿನ ಎಂಬುದನ್ನು ಹಿರಿಯರಿಂದ ಕೇಳಿ ಬರೆಯಿರಿ. ಇನಾಮಿನ ನೆನಪು ಪೂಜೆಯ ಹಕ್ಕಿನಲ್ಲಿ ಉಳಿದಿರುವುದುಂಟು. ಬಣ್ಣ ಬಳಿಯಬೇಡಿ, ಸೀಮೆಸುಣ್ಣದಿಂದ ತಿದ್ದಬೇಡಿ, ಸಿಮೆಂಟ್ ಹಚ್ಚಬೇಡಿ. ಕಲ್ಲನ್ನು ಎಬ್ಬಿಸಿ ಶಾಲೆಯ ಅಂಗಳಕ್ಕೆ ತರಬೇಡಿ. ನೆಟ್ಟ ಜಾಗ ಬಿಟ್ಟರೆ ಅದು ಹೇಳುವ ಕಥೆ ಅರ್ಧವಾಗುತ್ತದೆ. ಉರುಳಿ ಬಿದ್ದಿದ್ದರೆ ಗ್ರಾಮ ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಚಿತ್ರದ ಜೊತೆ ಪತ್ರ ಬರೆಯಿರಿ. ತಾಲ್ಲೂಕಿಗೊಂದು ಪುಸ್ತಕದಂತೆ ನಾಲ್ಕು ದಾಖಲೆ ಪುಸ್ತಕಗಳು ತಯಾರಾಗಲಿ, ಒಂದೊಂದು ಪ್ರತಿ ಆಯಾ ತಾಲ್ಲೂಕಿನ ಗ್ರಂಥಾಲಯದಲ್ಲಿರಲಿ. ಮುಂದಿನ ವರ್ಷ ಈ ವೇದಿಕೆಯಲ್ಲಿ ನನ್ನಂಥವರ ಉಪನ್ಯಾಸಕ್ಕೆ ಅರ್ಧ ಗಂಟೆ ಕಡಿಮೆ ಮಾಡಿ, ಆ ಹೊತ್ತನ್ನು ಈ ಮಕ್ಕಳಿಗೆ ಕೊಡಬೇಕೆಂದು ಸಮಿತಿಯವರನ್ನು ಕೇಳಿಕೊಳ್ಳುತ್ತೇನೆ.